ಎಡಕ್ಕೆ ವಾಲಿದ ಕವಾಯತು

ಡ್ರಿಲ್ ಮೇಷ್ಟ್ರು ಆ ಬೆಳಿಗ್ಗೆ ಬಚ್ಚಲುಮನೆಯಿಂದ ಹೊರಬಂದವರೇ ನೆಲವನ್ನು ಬೈದರು. ನೆಲ ಎಡಗಡೆಗೆ ಇಳಿಜಾರಾಗಿದೆ ಎಂಬುದು ಅವರ ದೂರು.

"ನೆಲ ಸರಿಯಾಗೇ ಇದೆ ರೀ," ಎಂದಳು ಹೆಂಡತಿ, ಒಲೆಯ ಕಡೆಯಿಂದ ಮುಖ ತಿರುಗಿಸದೆ. "ನಿಮ್ಮ ಸೊಂಟಾನೇ ಹೊಸದು."

ಸೊಂಟ ಹೊಸದೆಂಬುದು ನಿಜ. ವರ್ಷಗಟ್ಟಲೆ ಮೈದಾನದಲ್ಲಿ ಓಡಿ, ನೆಗೆದು, ಕುಪ್ಪಳಿಸಿ ಸವೆದುಹೋಗಿದ್ದ ಬಲಗಡೆಯ ಕೀಲನ್ನು ಡಾಕ್ಟರು ತೆಗೆದುಹಾಕಿ, ಆ ಜಾಗದಲ್ಲಿ ಲೋಹದ ಕೀಲೊಂದನ್ನು ಕೂರಿಸಿದ್ದರು. ಅದನ್ನು ನೆನೆದರೆ ಮೇಷ್ಟ್ರಿಗೆ ಈಗಲೂ ಮೈ ಜುಮ್ಮೆನ್ನುತ್ತಿತ್ತು. ಮನುಷ್ಯನನ್ನು ಮಲಗಿಸಿ, ಬಾಗಿಲಿಗೆ ಹೊಸ ತಿರುಗಣಿ ಹಾಕಿದ ಹಾಗೆ ಕಾಲಿಗೆ ಕೀಲು ಹಾಕಿ, ಮರುದಿನವೇ "ಎಲ್ಲಿ, ಎದ್ದು ನಿಲ್ಲಿ ನೋಡೋಣ" ಅನ್ನುವುದೆಂದರೆ! ಅವರು ನಿಂತಿದ್ದರು. ರಾತ್ರಿಯೆಲ್ಲ ಕೊರೆಯುತ್ತಿದ್ದ ಆ ಹಳೆಯ ನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆಸ್ಪತ್ರೆಯ ಕಿಟಕಿ ಸರಳು ಹಿಡಿದುಕೊಂಡು ಮಗುವಿನಂತೆ ಅತ್ತುಬಿಟ್ಟಿದ್ದರು. ಮನೆಗೆ ಬಂದ ಮೇಲೆ, ಹಾಲು ಹಾಕುವವನಿಂದ ಹಿಡಿದು ಕರೆಂಟಿನವನವರೆಗೆ ಎಲ್ಲರಿಗೂ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಮೊಮ್ಮಗಳ ಫೋಟೋ ತೋರಿಸುವ ಹಿಗ್ಗಿನಲ್ಲಿ ತೋರಿಸಿದ್ದರು.

ಒಂದೇ ಒಂದು ಕುಂದು. ಬಲಗಾಲು ಎಡಗಾಲಿಗಿಂತ ಚೂರು ಉದ್ದ ಅನ್ನಿಸುತ್ತಿತ್ತು. ಹೆಜ್ಜೆ ಹಾಕಿದಾಗಲೆಲ್ಲ ಎಡಗಡೆ ಸಣ್ಣ ಗುಂಡಿಗೆ ಕಾಲಿಟ್ಟಂತಾಗುತ್ತಿತ್ತು.

"ಕೆಲವರಿಗೆ ಹಾಗನ್ನಿಸುತ್ತೆ," ಎಂದಿದ್ದರು ಡಾಕ್ಟರು. "ಕೆಲವು ತಿಂಗಳು ತಡೀರಿ. ಆಮೇಲೆ ಅಳೆದು ನೋಡೋಣ. ಅಲ್ಲೀವರೆಗೆ ಬೂಟಿನೊಳಗೆ ಏನನ್ನೂ ತುರುಕಬೇಡಿ."

ಮೇಷ್ಟ್ರು ತಡೆದುಕೊಂಡೇ ಇದ್ದರು. ಆದರೆ ಆ ದಿನ ಶಾಲೆಯ ಕ್ರೀಡಾಕೂಟ. ಹೆಡ್‌ಮಿಸ್ಸು ವಾರದ ಹಿಂದೆಯೇ ಕರೆದು ಮೆತ್ತಗೆ ಹೇಳಿದ್ದರು: "ಮೇಷ್ಟ್ರೇ, ಕವಾಯತು ಚೆನ್ನಾಗಾದ್ರೆ ಮೈದಾನ ನಿಮ್ದೇ. ಕಷ್ಟ ಅನ್ಸಿದ್ರೆ ಲೈಬ್ರರಿಯಲ್ಲಿ ಒಂದು ಕುರ್ಚಿ ಖಾಲಿ ಇದೆ. ಫ್ಯಾನೂ ಇದೆ." ಮೇಷ್ಟ್ರಿಗೆ ಆ ಫ್ಯಾನು ತಲೆಯೊಳಗೇ ತಿರುಗತೊಡಗಿತ್ತು. ಇಡೀ ಆಯುಷ್ಯ ಬಿಸಿಲಲ್ಲಿ ಸೀಟಿ ಊದಿದ ಮನುಷ್ಯ ಫ್ಯಾನಿನ ಕೆಳಗೆ ಕೂತರೆ ಬಾಡಿಹೋಗುತ್ತಾನೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಕೆಲಸಕ್ಕೆ ಮರಳಿದಂದಿನಿಂದ ಮೇಷ್ಟ್ರು ಅವರಿಗೆ ಕಲಿಸಿದ್ದು ಒಂದೇ ಪಾಠ: "ನನ್ನನ್ನ ನೋಡಿ, ನಾನು ಮಾಡಿದ ಹಾಗೇ ಮಾಡಿ." ಮುಂದೆ ನಿಂತು ನಡೆದು ತೋರಿಸುತ್ತಿದ್ದರು, ಮಕ್ಕಳು ಹಿಂದಿನಿಂದ ಬರುತ್ತಿದ್ದರು. ಬೂಟಿನ ಸದ್ದು ಒಂದೇ ತಾಳಕ್ಕೆ ಬೀಳುವುದನ್ನು ಕೇಳಿ ಮೇಷ್ಟ್ರ ಎದೆ ಉಬ್ಬುತ್ತಿತ್ತು. ಹಿಂತಿರುಗಿ ನೋಡುವ ಗೋಜಿಗೆ ಹೋಗಿರಲಿಲ್ಲ.

ಆ ದಿನ ಮೊದಲ ಬಾರಿಗೆ, ಕೊನೆಯ ತಾಲೀಮನ್ನು ವೇದಿಕೆ ಹತ್ತಿ ನೋಡಿದರು. ಸೀಟಿ ಊದಿದರು. ಇಡೀ ಶಾಲೆ ನಡೆದು ಬಂತು.

ಇಡೀ ಶಾಲೆ ಎಡಕ್ಕೆ ವಾಲಿ ನಡೆದು ಬಂತು.

ದೊಡ್ಡವರು, ಚಿಕ್ಕವರು, ಕನ್ನಡಕದವರು, ಜಡೆಯವರು, ಒಬ್ಬರೂ ತಪ್ಪದೆ ಬಲಗಾಲನ್ನು ಊರಿ ಎದ್ದು, ಎಡಗಾಲಿಗೆ ಇಳಿದು, ಮತ್ತೆ ಎದ್ದರು. ದಡಕ್ಕೆ ಕಟ್ಟಿದ ನೂರಾರು ದೋಣಿಗಳು ಒಂದೇ ಅಲೆಗೆ ತೂಗಿದಂತೆ ಕಂಡಿತು. ಮೇಷ್ಟ್ರ ಬಾಯಿಂದ ಸೀಟಿ ಜಾರಿಬಿತ್ತು.

"ಲೇ! ಇದೇನಿದು? ಯಾಕೆ ಹೀಗೆ ನಡೀತಿದ್ದೀರಿ?"

ಸಾಲಿನ ಮುಂದಿದ್ದ ಕ್ಯಾಪ್ಟನ್ ಹುಡುಗಿ ಎದೆ ಸೆಟೆದು ಸೆಲ್ಯೂಟ್ ಹೊಡೆದಳು. "ನೀವು ಮಾಡಿದ ಹಾಗೇ ಸಾರ್!"

ಅವಳ ಮುಖದಲ್ಲಿ ತುಂಟತನದ ಎಳೆಯೂ ಇರಲಿಲ್ಲ. ಹೊಸ ಸೊಂಟದಿಂದ ಎದ್ದು ಬಂದ ಮೇಷ್ಟ್ರನ್ನು ಮಕ್ಕಳು ಅರ್ಧ ದೇವರೆಂದೇ ನಂಬಿದ್ದರು. ಒಳಗೆ ಲೋಹ ಇಟ್ಟುಕೊಂಡ ಮನುಷ್ಯ ಹೇಗೆ ನಡೆಯುತ್ತಾನೋ ಅದೇ ಸರಿಯಾದ ನಡಿಗೆ ಎಂಬುದು ಅವರ ತೀರ್ಮಾನ.

ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ವೇದಿಕೆಯಿಂದ ಇಳಿದರು. ಕೆಳಗೆ ಮರಗೆಲಸದ ಮೇಷ್ಟ್ರು ಕಾದಿದ್ದರು. ಯಾರ ಕಷ್ಟವೇ ಆಗಲಿ, ಅದಕ್ಕೆ ಒಂದು ಮೊಳೆ ಹೊಡೆಯುವವರೆಗೆ ಅವರಿಗೆ ನಿದ್ದೆ ಬಾರದು.

"ಅಲ್ಲಾಡಬೇಡಿ," ಎಂದು ಅವರು ಜೇಬಿನಿಂದ ರಸಮಟ್ಟ ತೆಗೆದು ಡ್ರಿಲ್ ಮೇಷ್ಟ್ರ ಬೆಲ್ಟಿನ ಮೇಲಿಟ್ಟರು. ಗಾಜಿನೊಳಗಿನ ಗುಳ್ಳೆ ಬಲಗಡೆಗೆ ಓಡಿಹೋಗಿ ಕೂತಿತು. "ಅಬ್ಬಾ! ಇಷ್ಟು ವಾಲಿದ ಬೀರೂನ ನಾನು ಶಾಲೆಯಿಂದ ಹೊರಗೇ ಬಿಡಲ್ಲ. ಎಡಗಾಲಿನ ಬೂಟು ಬಿಚ್ಚಿ."

"ಬೂಟಿನೊಳಗೆ ಏನೂ ತುರುಕಬಾರದು ಅಂದಿದ್ದಾರೆ ಡಾಕ್ಟರು."

"ಒಳಗೆ ಯಾರು ತುರುಕ್ತಾರೆ? ಕೆಳಗೆ ಹೊಡೀತೀನಿ."

ಹೇಳಿದವರೇ ಬೂಟಿನ ಅಟ್ಟೆಗೆ ಪ್ಲೈವುಡ್ ತುಂಡೊಂದನ್ನು ಅಂಟಿಸಿ, ಸಾಲದೆಂದು ಇನ್ನೊಂದು ಪದರ ಸೇರಿಸಿ, ಮೊಳೆ ಜಡಿದುಕೊಟ್ಟರು. ಮರಗೆಲಸದವರ ಕೈ ಧಾರಾಳ. ಆ ಬೂಟು ತೊಟ್ಟು ಎದ್ದು ನಿಂತಾಗ ಡ್ರಿಲ್ ಮೇಷ್ಟ್ರಿಗೆ ನೆಲ ಬಲಗಡೆಗೆ ಇಳಿಜಾರಾಗಿ ಕಂಡಿತು. ಆದರೆ ಯೋಚಿಸಲು ಹೊತ್ತಿರಲಿಲ್ಲ. ಪೋಷಕರು ಆಗಲೇ ಕುರ್ಚಿ ಹಿಡಿಯುತ್ತಿದ್ದರು. ಗಂಡುಮಕ್ಕಳ ಸಾಲಿನ ಮುಂದೆ ಹೋಗಿ ನಿಂತು, "ಇಷ್ಟು ದಿನದ್ದು ಮರೆತುಬಿಡಿ. ಇಗೋ, ಈಗ ನೋಡಿ, ಹೀಗೆ!" ಎಂದು ಟಕಟಕ ನಡೆದು ತೋರಿಸಿದರು.

ಹುಡುಗರು ಕಣ್ಣು ಮಿಟುಕಿಸದೆ ನೋಡಿದರು. ಮರುಕ್ಷಣವೇ ಅಷ್ಟೂ ಜನ ಬಲಕ್ಕೆ ವಾಲಿ ನಡೆಯತೊಡಗಿದರು.

"ಅಯ್ಯೋ, ಅದಲ್ರೋ!" ಎನ್ನುತ್ತ ಹೆಣ್ಣುಮಕ್ಕಳ ಸಾಲಿನ ಕಡೆಗೆ ಓಡುವಷ್ಟರಲ್ಲಿ ಪ್ಲೈವುಡ್ಡು ಕಿತ್ತುಬಂದು ಮೈದಾನದ ನಡುವೆ ಅಂಗಾತ ಬಿತ್ತು. ಮೇಷ್ಟ್ರು ಮತ್ತೆ ಎಡಕ್ಕೆ ವಾಲಿದರು. ಅಷ್ಟರಲ್ಲಿ ಹೆಡ್‌ಮಿಸ್ಸು ಸೆರಗು ಸಿಕ್ಕಿಸಿಕೊಂಡು ಓಡಿಬಂದರು.

"ಮೇಷ್ಟ್ರೇ, ಬರಬೇಕಿದ್ದ ಮುಖ್ಯ ಅತಿಥಿಗಳಿಗೆ ಜ್ವರವಂತೆ. ಬೇರೆ ಯಾರನ್ನೋ ಕೈಕಾಲು ಹಿಡಿದು ಒಪ್ಪಿಸಿದ್ದೀನಿ, ಅವರು ಬಂದೇಬಿಟ್ಟರು. ಶುರುಮಾಡಿ!"

ಬ್ಯಾಂಡು ಬಾರಿಸಿತು. ಇನ್ನೇನು ಮಾಡುವುದು? ಮೇಷ್ಟ್ರು ಲೈಬ್ರರಿಯ ಕುರ್ಚಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿ, ಎರಡು ಸಾಲುಗಳ ನಡುವೆ ಮುಂದೆ ನಿಂತು ಹೆಜ್ಜೆ ಹಾಕಿದರು.

ಅವರ ಒಂದು ಕಡೆ ಹುಡುಗಿಯರು ಎಡಕ್ಕೆ ವಾಲಿದರು, ಇನ್ನೊಂದು ಕಡೆ ಹುಡುಗರು ಬಲಕ್ಕೆ. ಮತ್ತೆ ಎಲ್ಲರೂ ಒಟ್ಟಿಗೇ ಎದ್ದರು. ಮತ್ತೆ ವಾಲಿದರು. ದೊಡ್ಡದೊಂದು ಹೂವು ಅರಳಿ ಮುಚ್ಚಿ ಅರಳಿದಂತೆ, ಮೈದಾನವೇ ಉಸಿರಾಡಿದಂತೆ. ಒಂದು ಹೆಜ್ಜೆಯೂ ತಾಳ ತಪ್ಪಲಿಲ್ಲ. ಪೋಷಕರ ಗುಸುಗುಸು ನಿಂತುಹೋಯಿತು. ಕಡಲೆಕಾಯಿ ಬಿಡಿಸುತ್ತಿದ್ದವರ ಕೈ ಅಲ್ಲೇ ತಡೆಯಿತು. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ತಿರುವಿನಲ್ಲಿ ಮೇಷ್ಟ್ರೂ ಓರೆಗಣ್ಣಿಂದ ಅದನ್ನು ಕಂಡರು. ಇಷ್ಟು ವರ್ಷ ನೆಟ್ಟಗೆ ನಡೆಸಿದ ಯಾವ ಕವಾಯತೂ ಹೀಗಿರಲಿಲ್ಲ. ತಾವು ಪಟ್ಟ ಪಾಡನ್ನು ಈ ಮಕ್ಕಳು ಇಷ್ಟು ಚೆಂದ ಮಾಡಿಬಿಟ್ಟರಲ್ಲ!

ವೇದಿಕೆಯ ಮುಂದೆ ಬಂದು ಸೆಲ್ಯೂಟ್ ಹೊಡೆದು ತಲೆಯೆತ್ತಿದರು. ಮುಖ್ಯ ಅತಿಥಿಯ ಕಣ್ಣಿಗೆ ಕಣ್ಣು ಕೂಡಿತು. ಎತ್ತಿದ ಕೈ ಹಾಗೇ ನಿಂತಿತು.

ಅಲ್ಲಿ ನಿಂತಿದ್ದವರು ಅವರ ಸೊಂಟ ಬದಲಿಸಿದ ಡಾಕ್ಟರು.

ಡಾಕ್ಟರ ಮುಖ ಸುಣ್ಣದಂತೆ ಬಿಳಿಚಿತ್ತು. ಅವರು ಮೊದಲು ಮೇಷ್ಟ್ರನ್ನು ನೋಡಿದರು, ಆಮೇಲೆ ಹುಡುಗಿಯರನ್ನು, ಆಮೇಲೆ ಹುಡುಗರನ್ನು. ಪಕ್ಕದಲ್ಲಿದ್ದ ಹೆಡ್‌ಮಿಸ್ಸಿನ ಕಡೆಗೆ ಬಗ್ಗಿ ಸಣ್ಣ ದನಿಯಲ್ಲಿ ಕೇಳಿದರು: "ಮೇಡಂ, ನಾನು ಆಪರೇಷನ್ ಮಾಡಿದ್ದು ಒಬ್ಬರಿಗೇ ಅಲ್ವಾ?"

ಭಾಷಣ ಮಾಡಬೇಕಾದವರು ಭಾಷಣ ಬಿಟ್ಟು ಕೆಳಗಿಳಿದು ಬಂದರು. ಮೇಷ್ಟ್ರನ್ನು ಆಟದ ಸಾಮಾನಿನ ಕೋಣೆಗೆ ಕರೆದೊಯ್ದು, ಹೈಜಂಪಿನ ಹಾಸಿಗೆಯ ಮೇಲೆ ಮಲಗಿಸಿದರು. ಮರಗೆಲಸದ ಮೇಷ್ಟ್ರ ಅಳತೆಟೇಪು ಬಂತು. ಡಾಕ್ಟರು ಸೊಂಟದ ಮೂಳೆಯಿಂದ ಪಾದದ ಗಂಟಿನವರೆಗೆ ಒಂದು ಕಾಲನ್ನು ಅಳೆದರು, ಇನ್ನೊಂದನ್ನು ಅಳೆದರು. ನಂಬಿಕೆ ಬರದೆ ಮತ್ತೆ ಅಳೆದರು. ಬರಿಗಾಲಲ್ಲಿ ನಿಲ್ಲಿಸಿ ಎರಡೂ ಪಕ್ಕೆಗೆ ಕೈಯಿಟ್ಟು ನೋಡಿದರು. ಕಿಟಕಿಯಲ್ಲಿ ಮಕ್ಕಳ ಮೂಗುಗಳು ಸಾಲಾಗಿ ಒತ್ತಿಕೊಂಡಿದ್ದವು.

"ಎಷ್ಟು ಉದ್ದ ಇದೆ ಡಾಕ್ಟ್ರೇ? ಹೇಳಿಬಿಡಿ, ತಡ್ಕೋತೀನಿ."

"ಎರಡೂ ಸಮ," ಎಂದರು ಡಾಕ್ಟರು.

"ಆಂ?"

"ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಮೊದಲು ಬಿಗಿಯಾಗಿದ್ದ ಸ್ನಾಯುಗಳು ಯಾವಾಗಲೋ ಸಡಿಲ ಆಗಿವೆ. ನಿಮ್ಮ ಮನಸ್ಸಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಗುಂಡಿ ಇದೆ ಅಂತ ನಂಬಿ ಕಾಲಿಡ್ತಿದ್ದೀರಿ. ಗುಂಡಿ ಇಲ್ಲ ಮೇಷ್ಟ್ರೇ. ತಲೆಯೆತ್ತಿ ನಡೀರಿ."

ಮೇಷ್ಟ್ರು ಉಸಿರು ಹಿಡಿದು ಒಂದು ಹೆಜ್ಜೆ ಇಟ್ಟರು. ಇನ್ನೊಂದು. ನೆಲ ಗಾಜಿನ ಹಾಗೆ ಸಮವಾಗಿತ್ತು. ಕೋಣೆಯ ಗೋಡೆಯಿಂದ ಗೋಡೆಗೆ ನಡೆದರು, ತಿರುಗಿ ನಡೆದರು, ಬಾಗಿಲು ತಳ್ಳಿ ಬರಿಗಾಲಲ್ಲೇ ಮೈದಾನಕ್ಕೆ ನಡೆದುಹೋದರು. ಭೂಮಿ ಇಷ್ಟು ಅಗಲ, ಇಷ್ಟು ಮಟ್ಟಸ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಿಂದೆ ನಿಂತಿದ್ದ ಡಾಕ್ಟರೂ ತಮ್ಮದೇ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು.

ಆಗ ಹೆಡ್‌ಮಿಸ್ಸು ಏದುಸಿರು ಬಿಡುತ್ತ ಬಂದರು.

"ಮೇಷ್ಟ್ರೇ, ಲೈಬ್ರರಿ ಮಾತು ಮರೆತುಬಿಡಿ! ಪೋಷಕರ ಸಾಲಲ್ಲಿ ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿಗಳಿದ್ದರಂತೆ. ಇಂಥ ಕವಾಯತು ಜನ್ಮದಲ್ಲೇ ನೋಡಿಲ್ಲ ಅಂತ ಕಣ್ಣೊರೆಸಿಕೊಂಡರು. ಬರೋ ತಿಂಗಳು ದೊಡ್ಡ ಕ್ರೀಡಾಂಗಣದಲ್ಲಿ ಇದನ್ನೇ ಮಾಡಬೇಕಂತೆ. ಮುಂದೆ ನೀವೇ ಇರಬೇಕಂತೆ. ಇದೇ ನಡಿಗೆ, ಒಂದಿಷ್ಟೂ ಬದಲಾಗಬಾರದು ಅಂದಿದ್ದಾರೆ."

"ಮೇಡಂ, ನನ್ನ ಕಾಲು ಸರಿಹೋಯ್ತು. ಎರಡೂ ಸಮ ಅಂತೆ!"

ಹೆಡ್‌ಮಿಸ್ಸಿನ ಮುಖ ಬಾಡಿತು. "ಛೇ! ಇವತ್ತೇ ಸರಿಹೋಗಬೇಕಿತ್ತಾ? ನಾನು ಹೂಂ ಅಂದುಬಿಟ್ಟಿದ್ದೀನಿ ಮೇಷ್ಟ್ರೇ. ಒಂದು ತಿಂಗಳು ಹೇಗಾದರೂ ಕುಂಟಿ."

ಮೇಷ್ಟ್ರು ಮೈದಾನದಲ್ಲೇ ಒಂದೆರಡು ಸಲ ಪ್ರಯತ್ನಿಸಿದರು. ಎಡಕ್ಕೆ ವಾಲಲು ಹೋದರೆ ಮೈ ಮಾತು ಕೇಳಲಿಲ್ಲ. ಬಲಕ್ಕೆ ವಾಲಲು ಹೋಗಿ ಮರಗೆಲಸದ ಮೇಷ್ಟ್ರ ಮೇಲೆ ಬಿದ್ದರು. ಹೊತ್ತು ಇಳಿಯುತ್ತಿತ್ತು. ಪೋಷಕರೆಲ್ಲ ಹೊರಟುಹೋಗಿದ್ದರೂ ಇಡೀ ಶಾಲೆ ಮತ್ತೆ ಸಾಲುಗಟ್ಟಿ ನಿಂತಿತು. ಈ ಸಲ ಕ್ಯಾಪ್ಟನ್ ಹುಡುಗಿ ಮುಂದೆ, ಮೇಷ್ಟ್ರು ಎಲ್ಲರಿಗಿಂತ ಹಿಂದೆ.

"ನಮ್ಮನ್ನ ನೋಡಿ ಸಾರ್, ನಾವು ಮಾಡಿದ ಹಾಗೇ ಮಾಡಿ," ಎಂದಳು ಅವಳು. "ಬಲಗಾಲು ಊರಿ... ಎಡಕ್ಕೆ ಇಳೀರಿ... ಒಂದ್... ಎರಡ್..."

ಸಾಲು ಸೊಗಸಾಗಿ ತೂಗಿತು. ಹುಡುಗಿ ಹಿಂತಿರುಗಿ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಸಾರ್! ಮತ್ತೆ ನೆಟ್ಟಗೆ ನಡೀತಿದ್ದೀರಲ್ಲ!"