ಅಮಲ್ದಾರರು ಗುಡ್ಡ ಹತ್ತಿದ್ದು

ನಗು ಬರುವಂಥದ್ದು ನಮ್ಮ ತಾಲ್ಲೂಕು ಕಚೇರಿಯಲ್ಲಿ ದಿನಾ ಏನಾದರೊಂದು ನಡೆಯುತ್ತಲೇ ಇತ್ತು. ರಜೆಯಲ್ಲೂ ಅದು ನಮ್ಮನ್ನು ಬಿಡುತ್ತಿರಲಿಲ್ಲ. ನಾನಾಗ ಕೊಪ್ಪದಲ್ಲಿ ಹೊಸ ಗುಮಾಸ್ತ. ಆ ದಸರಾ ರಜೆಯಲ್ಲಿ, ತಾಲ್ಲೂಕಿಗೇ ದೊಡ್ಡವರಾದ ನಮ್ಮ ಅಮಲ್ದಾರರಿಗೆ ಗುಡ್ಡ ಹತ್ತುವ ಮನಸ್ಸಾಯಿತು. ಹವಾ ಬದಲಾವಣೆಗೆ ಬಂದವರು ಇಳಿದುಕೊಳ್ಳುವ ಬಂಗಲೆಯ ಹಿಂದಿನ ಗುಡ್ಡ. ಬೆಳಿಗ್ಗೆ ಹೋದರೆ ಊಟಕ್ಕೆ ವಾಪಸು. ಹೆಂಡತಿಯನ್ನೂ, ಅಂದರೆ ನಮ್ಮ ಅಮ್ಮನವರನ್ನೂ ಹೊರಡಿಸಿದರು, ದಾರಿ ತೋರಿಸಲು ನನ್ನನ್ನೂ.

ಬುಟ್ಟಿ

ಅಮ್ಮನವರು ಒಂದು ಬುಟ್ಟಿ ತುಂಬ ಕಡುಬು, ಕಾಯಿಚಟ್ನಿ ತಂದಿದ್ದರು. ಅರ್ಧ ದಿನದ ನಡಿಗೆಗೆ ಇದೆಲ್ಲ ಯಾಕೆ ಅಂತ ಯಜಮಾನರು ಗೊಣಗಿದರು. ಮೊದಲ ಏರು ಮುಗಿಯುವಷ್ಟರಲ್ಲಿ ಕಲ್ಲಿನ ಮೇಲೆ ಕೂತು, ಹೆಂಡತಿಯ ಕಡೆ ಬಹಳ ಮರುಕದಿಂದ ನೋಡಿ, "ಪಾಪ, ನಿನಗೆ ಭಾರ. ಸ್ವಲ್ಪ ಕಮ್ಮಿ ಮಾಡೋಣ" ಎಂದರು.

ಬುಟ್ಟಿ ಇದ್ದದ್ದು ನನ್ನ ಹೆಗಲ ಮೇಲೆ.

ದನ

ಇನ್ನೂ ಮೇಲೆ, ಸೌದೆ ಹೊರೆ ಹೊತ್ತು ಇಳಿಯುತ್ತಿದ್ದ ಮುದುಕಿಯೊಬ್ಬಳು ಸಿಕ್ಕಳು. ಕೋಟು, ರುಮಾಲು, ಬೂಟು ಹಾಕಿಕೊಂಡು ಏದುಸಿರು ಬಿಡುತ್ತಿದ್ದ ಅಮಲ್ದಾರರನ್ನು ನೋಡಿ ಅವಳಿಗೆ ಕನಿಕರವಾಯಿತು. ದನ ತಪ್ಪಿಸಿಕೊಂಡಿತಾ ಅಂತ ಕೇಳಿದಳು. ಹಾಗೇನಿಲ್ಲ, ಸುಮ್ಮನೆ ಗುಡ್ಡ ನೋಡಲಿಕ್ಕೆ ಬಂದದ್ದು ಎಂದರು ಇವರು. ಅವಳು ನಂಬಲಿಲ್ಲ. ಸಂಕೋಚ ಮಾಡಬೇಡಿ, ಸಿಕ್ಕಿದರೆ ಬಂಗಲೆ ಹತ್ತಿರ ಕಟ್ಟಿರುತ್ತೇನೆ ಎಂದು ಸಮಾಧಾನ ಹೇಳಿ ಇಳಿದುಹೋದಳು.

ಮಧ್ಯಾಹ್ನ ನಾವು ಬಂದು ನೋಡುವಾಗ ಬಂಗಲೆಯ ಬೇಲಿಗೆ ಯಾರದೋ ಕೆಂಪು ದನ ಕಟ್ಟಿತ್ತು.

ಮಂಜು

ಆದರೆ ನಾನು ಇವತ್ತಿಗೂ ನೆನೆಸಿಕೊಳ್ಳುವುದು ನೆತ್ತಿಯ ಮೇಲೆ ನಡೆದದ್ದನ್ನು. ಅಮ್ಮನವರು ಆಚೆ ಮಗ್ಗುಲಲ್ಲಿ ಏನು ಕಾಣುತ್ತದೋ ನೋಡುತ್ತೇನೆಂದು ಹೋದರು. ಅಷ್ಟರಲ್ಲಿ ಮಂಜು ಕವಿಯಿತು. ನನ್ನ ಕೈ ನನಗೇ ಕಾಣದು. ಆ ಕಡೆ ಕಡಿದಾದ ಇಳಿಜಾರು ಬೇರೆ.

ಆ ಕಾಲದಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಎಲ್ಲಿಯದು? ಮನೆಯಲ್ಲಿ ಅಮಲ್ದಾರರು ಒಮ್ಮೆ ಕೆಮ್ಮಿದರೆ ಸಾಕು, ಅಮ್ಮನವರು ಬಾಗಿಲಿಗೆ ಬರುತ್ತಿದ್ದರು. ಈಗಲೂ ಕೆಮ್ಮಿದರು. ಇನ್ನೂ ಜೋರಾಗಿ ಕೆಮ್ಮಿದರು. "ಏ ಇವಳೇ" ಎಂದರು. ಉತ್ತರವಿಲ್ಲ. ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡರು. ಕೊನೆಗೆ ಗಂಟಲು ಬಿರಿಯುವ ಹಾಗೆ ಕೂಗಿದರು: "ಭಾಗೀರಥೀ..."

ಅಮ್ಮನವರ ಹೆಸರು ನನಗೆ ಗೊತ್ತಾದದ್ದೇ ಆಗ. ಮತ್ತೆ ಕೂಗಿದರು. ಮತ್ತೂ ಕೂಗಿದರು. ಧ್ವನಿ ಒಡೆದುಹೋಗಿತ್ತು.

ಗಾಳಿ ಬೀಸಿ ಮಂಜು ಸರಿಯಿತು. ಅಮ್ಮನವರು ಅಲ್ಲೇ ಹತ್ತಿರದ ಬಂಡೆಯ ಮೇಲೆ, ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದರು.

"ಕೇಳಿಸಲಿಲ್ಲವಾ ನಿನಗೆ?"

"ಕೇಳಿಸಿತು."

"ಮತ್ತೆ?"

"ಮದುವೆಯಾದ ಮೇಲೆ ಇದೇ ಮೊದಲು ಹಾಗೆ ಕರೆದದ್ದು. ಇನ್ನೊಂದು ಸಲ ಕರೆಯಲಿ ಅಂತ ಸುಮ್ಮನಿದ್ದೆ."

ಅಮಲ್ದಾರರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, ಕಚೇರಿಯ ಗತ್ತು ತಂದುಕೊಂಡು ಕೇಳಿದರು:

"ಏನಯ್ಯಾ, ನಿನಗೇನಾದರೂ ಕೇಳಿಸಿತಾ?"

"ಇಲ್ಲ ಸ್ವಾಮಿ," ಎಂದೆ. "ಮಂಜು ಬಹಳ ಇತ್ತು."