ತಾಯಿಯಿಂದ ಬಂದ ಕಿವುಡು

ಬಿಶ್ಕೆಕ್ ಬಸ್ ನಿಲ್ದಾಣದ ಪ್ರಕಟಣೆಗಳನ್ನು ನಡೆಸುತ್ತಿದ್ದುದು ಒಂದು ತಾಯಿ ಪ್ರೋಗ್ರಾಂ. ಕೂಗುವ ಕೆಲಸಕ್ಕೆ ಅದು ಮರಿ ಪ್ರೋಗ್ರಾಂ ಒಂದನ್ನು ಹುಟ್ಟಿಸುತ್ತಿತ್ತು. ಯಾರೋ ಕೈತಪ್ಪಿ ನಿಲ್ಲಿಸಿಬಿಟ್ಟಾರೆಂದು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಸಿರ್ಗಾಕ್ ಕಳೆದ ವಾರ ತಾಯಿಯನ್ನು 'ನಿಲ್ಲು', 'ಹೊರಡು' ಎನ್ನುವ ಸಂಕೇತಗಳಿಗೆಲ್ಲ ಕಿವುಡು ಮಾಡಿದ್ದ.

ಇವತ್ತು ಬೆಳಿಗ್ಗೆ ಮರಿ ಹಟ ಹಿಡಿಯಿತು. "ಕಾರಾಕೋಲ್ ಬಸ್ಸು ನಾಲ್ಕನೇ ಅಂಕಣದಲ್ಲಿದೆ." ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಅದೇ. ಸಿರ್ಗಾಕ್ ಇಪ್ಪತ್ತು ಸಲ 'ನಿಲ್ಲು' ಎಂದು ಆಜ್ಞೆ ಕೊಟ್ಟ. ಗೋಡೆಗೆ ಹೇಳಿದಂತಾಯಿತು.

"ನಾಳೆ ಹೆಂಡ್ತಿನೂ ಹೀಗೇ ಕೇಳ್ತಾಳೆ ನಿನ್ ಮಾತು," ಎಂದಳು ಟಿಕೆಟ್ ಕೊಡುವ ಜೂರಾ.

"ಮೊದ್ಲು ಓಲೆ ತಲುಪ್ಲಿ ಅಕ್ಕಾ!"

ಸಂಜೆ ಅವನ ಊರು ಕೋಚ್ಕೋರಿನಲ್ಲಿ, ಅವನು ಮದುವೆಯಾಗಲಿರುವ ಹುಡುಗಿಗೆ ಅವನ ಅಮ್ಮ ಓಲೆ ತೊಡಿಸುವ ಶಾಸ್ತ್ರ. ಓಲೆ ಇವನ ಕೋಟಿನ ಜೇಬಿನಲ್ಲಿತ್ತು. ಅಲ್ಲಿಗೆ ಕೊನೆಯ ಬಸ್ಸು ಮೂರಕ್ಕೆ.

"ಇದು ಬಾಯಿ ಮುಚ್ಚೋ ತನಕ ನೀನು ಕದಲೋ ಹಾಗಿಲ್ಲ," ಎಂದರು ಮುಖ್ಯಸ್ಥ ತೊಕ್ತೊಬೆಕ್. ಕಾವಲುಗಾರ ಏಣಿ ಹತ್ತಿ ಧ್ವನಿವರ್ಧಕಕ್ಕೆ ತನ್ನ ಕಂಬಳಿ ಸುತ್ತಿದ. ಕೂಗು ಕುರಿಯ ಹೊಟ್ಟೆಯೊಳಗಿಂದ ಬಂದಂತೆ ಬರತೊಡಗಿತು.

ಎರಡು ಗಂಟೆಗೆ ಸಿರ್ಗಾಕ್‌ಗೆ ಹೊಳೆಯಿತು: ತಾಯಿಯ ಕಿವುಡು ಮರಿಗೆ ಹುಟ್ಟಿನಿಂದಲೇ ಬಂದಿದೆ! ಕಿವುಡಾದರೂ ಯಾವ ಪ್ರೋಗ್ರಾಮೂ ಮೀರಲಾಗದ ಕೊನೆಯ ಸಂಕೇತ ಕೊಟ್ಟು ತಾಯಿ ಮರಿ ಎರಡನ್ನೂ ಮುಗಿಸಿದ. ಹುಟ್ಟಿದ ಕೂಡಲೇ ಮರಿಯ ಕಿವಿ ತೆರೆಯುವ ಸಾಲು ಬರೆದು, ಪರದೆಯ ಮೇಲೆ ಒಂದು ಕಿಟಕಿ ತೆರೆದು ಅದರಿಂದ ತಾಯಿಯನ್ನು ಮತ್ತೆ ಶುರು ಮಾಡಿದ. ಹೊಸ ಮರಿ ನಿಲ್ಲು ಅಂದರೆ ನಿಂತಿತು, ಕೂಗು ಅಂದರೆ ಕೂಗಿತು.

"ಭೇಷ್! ಓಡು ಓಡು," ಎಂದರು ತೊಕ್ತೊಬೆಕ್.

ಪರದೆಯ ಮೇಲಿನ ಆ ಕಿಟಕಿ ಮುಚ್ಚಿ ಸಿರ್ಗಾಕ್ ಓಡಿದ. ಬಸ್ಸಿನಲ್ಲಿ ಕೂತು ಒಣಮೊಸರಿನ ಉಂಡೆ ಬಾಯಿಗೆ ಹಾಕಿಕೊಂಡ. ಮೂರಾಯಿತು. ಮೂರೂ ಹತ್ತಾಯಿತು.

"ಅಣ್ಣಾ, ಹೊರಡಲ್ವಾ?"

"ಹೆಂಗ್ ಹೊರಡ್ಲಿ?" ಎಂದ ಚಾಲಕ. "ಮೇಲಿಂದ ಕೂಗ್ದೆ ಗೇಟು ತೆಗೆಯಲ್ಲ. ಮೆಷಿನ್ನು ಮೂಗಾಗಿದೆ."

ಸಿರ್ಗಾಕ್ ಹಣೆ ಚಚ್ಚಿಕೊಂಡ. ಕಿಟಕಿ ಮುಚ್ಚುವುದೂ ಒಂದು ಸಂಕೇತವೇ: ಯಜಮಾನ ಹೋದ, ನೀನೂ ಹೊರಡು! ಹಳೆಯ ಮರಿ ಕಿವುಡಾಗಿದ್ದರಿಂದ ಬದುಕಿಕೊಂಡಿತ್ತು. ಹೊಸದು ಹೇಳಿದ ಮಾತು ಕೇಳಿ ಸತ್ತಿತ್ತು.

ಸೀಟು ಹೋಗಬಾರದೆಂದು ಕೋಟನ್ನು ಅಲ್ಲೇ ಹಾಸಿ, ಸಿರ್ಗಾಕ್ ಕಚೇರಿಗೆ ಓಡಿದ. ಮೆಟ್ಟಿಲು ಹತ್ತುವಾಗ ಮೇಲಿಂದ ಗುಡುಗಿನಂಥ ದನಿ ಕೇಳಿಸಿತು. ತೊಕ್ತೊಬೆಕ್ ಕಚೇರಿಯ ಕಿಟಕಿಯಿಂದ ಅರ್ಧ ದೇಹ ಹೊರಚಾಚಿ ಸ್ವಂತ ಗಂಟಲಲ್ಲಿ ಕೂಗುತ್ತಿದ್ದರು: "ಕೋಚ್ಕೋರ್ ಬಸ್ಸು ಹೊರಡಲಿ!"

ಗೇಟು ತೆರೆಯಿತು. ಬಸ್ಸು ಹೋಯಿತು, ಕೋಟಿನ ಸಮೇತ.

"ಅಮ್ಮಂಗೆ ಫೋನ್ ಮಾಡು, ಬಸ್ಸಿಂದ ಕೋಟು ಇಳಿಸ್ಕೊಳ್ಳಲಿ," ಎಂದಳು ಜೂರಾ, ಚಹಾ ಬಗ್ಗಿಸುತ್ತಾ. "ಅಲ್ಲಿ ಬೇಕಾಗಿರೋದು ಓಲೆ ಕಣೋ, ನೀನಲ್ಲ."