ಒಂದೇ ಫ್ಯಾನಿನ ಸಂಸಾರ

ಸೂರ್ಯನ ಸ್ವಿಚ್ಚು ಎಲ್ಲಿದೆ ಎಂದು ಗೊತ್ತಾದರೆ ನನ್ನ ತಮ್ಮನ ಮಗಳು ಮಧ್ಯಾಹ್ನದ ಹೊತ್ತು ಅದನ್ನೂ ಆರಿಸಿಬಿಟ್ಟಾಳು! "ಇಷ್ಟು ಬೆಳಕು ಯಾರಿಗಿ ಬೇಕಾಗ್ಯಾದ ಅತ್ತಿ?" ಎಂದು ನನ್ನನ್ನೇ ಕೇಳಿಯಾಳು.

ಅವಳ ಊರು ಕಮಲಾಪುರ. ಓದುವುದಕ್ಕೆ ಕಲಬುರಗಿಗೆ ಬಂದು ಗಾಜಿಪುರದ ನಮ್ಮ ಮನೆಯಲ್ಲಿದ್ದಾಳೆ. ನಾನು ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಇಂಥ ಮನೆಗೆ ಬಂದ ಹುಡುಗಿ ಒಂದು ವಾರದಲ್ಲಿ ಸರಿಹೋಗುತ್ತಾಳೆ ಎಂದುಕೊಂಡಿದ್ದೆ. ಸರಿಹೋದವರು ನಾವು!

ಕಾಲೇಜಿನಲ್ಲಿ ಯಾರೋ ಬಂದು ಭೂಮಿ, ನೀರು, ಗಾಳಿ ಎಂದು ಭಾಷಣ ಮಾಡಿ ಹೋದರಂತೆ. ಉಳಿದ ಹುಡುಗಿಯರು ಚಪ್ಪಾಳೆ ಹೊಡೆದು ಮನೆಗೆ ಹೋದರು. ನಮ್ಮವಳು ಮನೆಗೆ ಬಂದು ಮಾವನ, ಅಂದರೆ ನಮ್ಮ ಮನೆಯವರ, ಹಳೆಯ ಅಂಗಿಗಳನ್ನೆಲ್ಲ ಹೊರತೆಗೆದಳು. ತೋಳು ಕತ್ತರಿಸಿ, ಕೆಳಗೆ ಹೊಲಿದು, ಸಂತೆಚೀಲ ಮಾಡಿದಳು. ಮರುದಿನ ನಮ್ಮ ಮನೆಯವರು ಆ ಚೀಲ ಹಿಡಿದು ನೆಹರು ಗಂಜ್ ಮಾರುಕಟ್ಟೆಗೆ ಹೋದರು. ತೊಗರಿಬೇಳೆ ತುಂಬಿದ ಅಂಗಡಿಯವನು ಅಂಗಿಯ ಜೇಬನ್ನೂ ಬಿಡದೆ ಅದರಲ್ಲಿ ಜೀರಿಗೆ ಪೊಟ್ಟಣ ಇಟ್ಟು, "ಸಾಬ್, ಗುಂಡಿ ಹಾಕ್ಕೋರಿ, ಬೀಳ್ತದ" ಎಂದನಂತೆ. ಇವರು ಮನೆಗೆ ಬಂದು ಚೀಲವನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು. "ನಾ ಹಾಕ್ಕೊಂಡಾಗ ಈ ಅಂಗಿಗಿ ಇಷ್ಟು ಹೊಟ್ಟಿ ಇದ್ದಿದ್ದಿಲ್ಲ ನೋಡು" ಎಂದರು.

ಅವಳ ಅಪ್ಪನನ್ನೂ ಬಿಟ್ಟವಳಲ್ಲ. ನನ್ನ ತಮ್ಮ ಕಮಲಾಪುರದಿಂದ ತನ್ನ ತೋಟದ ಕೆಂಪು ಬಾಳೆಹಣ್ಣು ತಂದ. ತಂದದ್ದು ಪ್ಲಾಸ್ಟಿಕ್ ಚೀಲದಲ್ಲಿ! ಹಣ್ಣನ್ನು ಒಳಗಿಟ್ಟು, ಚೀಲವನ್ನು ನಾಲ್ಕು ಮಡಿಕೆ ಮಾಡಿ ಅಪ್ಪನ ಜೇಬಿಗೆ ತುರುಕಿದಳು.

"ಇದನ್ನ ಹೊಳ್ಳಿ ಕಮಲಾಪುರಕ್ಕ ಒಯ್ಯಬೇಕೇನವ್ವ?"

"ಎಲ್ಲಿಂದ ಬಂದದ ಅಲ್ಲಿಗೇ ಹೋಗಲಿ."

"ಹಂಗಾದ್ರ ನೀನೂ ಅಲ್ಲಿಂದನ ಬಂದೀದಿ!" ಎಂದ ಅವನು. ನಾವೆಲ್ಲ ನಕ್ಕೆವು. ಆ ಮಾತು ಮುಂದೆ ನಗೆಯಾಗಿ ಉಳಿಯುವುದಿಲ್ಲವೆಂದು ಆಗ ಯಾರಿಗೆ ಗೊತ್ತು?

ಆಮೇಲೆ ನೀರಿನ ಕಾನೂನು ಬಂತು. ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು, ಒಂದು ಹನಿಯೂ ಚೆಲ್ಲುವಂತಿಲ್ಲ. ಎಲ್ಲ ಬಕೆಟ್ಟಿಗೆ, ಬಕೆಟ್ಟಿನಿಂದ ಗಿಡಕ್ಕೆ. ನಿಯಮ ಎಂದರೆ ನನಗೆ ನಿಯಮ. ಉಪ್ಪಿನಕಾಯಿ ಭರಣಿ ತೊಳೆದ ನೀರನ್ನೂ ಶಿಸ್ತಾಗಿ ಬಕೆಟ್ಟಿಗೇ ಸುರಿದೆ. ಅವಳು ಪ್ರೀತಿಯಿಂದ ಅದನ್ನು ಗುಲಾಬಿಗೆ ಹಾಕಿದಳು. ಉಪ್ಪು, ಖಾರ, ಸಾಸಿವೆ ಎಲ್ಲ ಉಂಡ ಗುಲಾಬಿ ನಾಲ್ಕೇ ದಿನದಲ್ಲಿ ಶಿವನ ಪಾದ ಸೇರಿತು.

"ಉಪ್ಪಿನಕಾಯಿ ನೀರು ಯಾರರೆ ಹಾಕ್ತಾರೇನ್ರಿ ಅತ್ತಿ?"

"ನೀ ಬರೇ ಚೆಲ್ಲಬ್ಯಾಡ್ರಿ ಅಂದಿದ್ದಿ. ಯಾವುದು ಅಂತ ಹೇಳಿದ್ದಿಲ್ಲ."

ಇಷ್ಟೆಲ್ಲ ಸಹಿಸಿದೆ. ಬೇಸಿಗೆ ಬಂತು. ಕಲಬುರಗಿಯ ಬೇಸಿಗೆ ಹೇಗಿರುತ್ತದೆ? ನಲ್ಲಿ ತಿರುಗಿಸಿದರೆ ಚಹಾಕ್ಕೆ ಇಟ್ಟ ನೀರು ಬರುತ್ತದೆ, ಪುಡಿ ಹಾಕುವುದೊಂದೇ ಬಾಕಿ! ಅಂಥ ಬೇಸಿಗೆಯಲ್ಲಿ ಅವಳು ಹೊಸ ಕಾನೂನು ತಂದಳು: ಮನೆಗೆ ಒಂದೇ ಫ್ಯಾನು.

"ಮಂದಿ ಮೂರು, ಫ್ಯಾನು ನಾಕು. ಎಲ್ಲಾರೂ ಒಂದ್ ಕಡಿ ಕುಂತ್ರ ಏನಾಗ್ತದ್ರಿ?"

ಏನಾಗುತ್ತದೆ? ಇವಳಿಗೇನು ಗೊತ್ತು! ಮಧ್ಯಾಹ್ನದ ಊಟವಾದ ಮೇಲೆ ನಾನು ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಮಲಗುವವಳು. ನಮ್ಮ ಮನೆಯವರು ಹೊರಗಿನ ಕೋಣೆಯಲ್ಲಿ ಟಿವಿಯ ಮುಂದೆ. ನಾಲ್ಕಕ್ಕೆ ಸರಿಯಾಗಿ ನಾನು ಚಹಾ ಒಯ್ದಾಗಲೇ ಪರಸ್ಪರ ಮುಖದರ್ಶನ. ನಮ್ಮ ದಾಂಪತ್ಯ ಇಷ್ಟು ದಿನ ಬಾಳಿದ್ದು ನಡುವಿನ ಗೋಡೆಯ ಪುಣ್ಯದಿಂದ. ಈಗ ನಡುಕೋಣೆಯಲ್ಲಿ ಮೂರು ಚಾಪೆ, ಮೇಲೆ ಒಂದು ಫ್ಯಾನು. ಇವರ ಗೊರಕೆ, ಅವಳ ಪುಸ್ತಕದ ಹಾಳೆಯ ಸದ್ದು, ನನಗೆ ನಿದ್ದೆಯಿಲ್ಲ.

"ಮದಿವಿ ಆದಾಗೂ ಇಷ್ಟು ಹತ್ರ ಕುಂತಿದ್ದಿಲ್ಲ" ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ. ಒಂದು ದಿನ ತಲೆ ಸಿಡಿಯುವಾಗ ತಮ್ಮನಿಗೆ ಫೋನು ಮಾಡಿದೆ.

"ನಿನ್ನ ಮಗಳನ್ನ ನನ್ ಕೈಲೆ ಸಂಭಾಳಸಾಕ ಆಗಂಗಿಲ್ಲ. ಯಾವ್ದರೆ ಹಾಸ್ಟೆಲ್ ನೋಡು."

"ನಿನ್ನ ಕಡಿನೇ ಆಗ್ಲಿಲ್ಲಂದ್ರ ಹಾಸ್ಟೆಲ್‌ನವರ ಕಡಿ ಆಗ್ತದೇನಕ್ಕ? ಐತ್ವಾರ ಬಂದು ಮನಿಗೇ ಕರಕೊಂಡು ಹೋಗ್ತೀನಿ. ಓದಿದ್ದು ಸಾಕು."

ಇದು ನಾನು ಕೇಳಿದ್ದಲ್ಲ. ಆದರೆ ಬೇಡ ಎನ್ನದೆ ಫೋನು ಇಟ್ಟೆ. ಹುಡುಗಿಗೆ ಹೇಳಿದೆ. ಅವಳು ಜಗಳಾಡಲಿಲ್ಲ. ಪುಸ್ತಕ ಮುಚ್ಚಿದಳು, ಅಷ್ಟೇ. ಮುಚ್ಚಿದ್ದು ಸದ್ದಾಗಿದ್ದರೆ ಚೆನ್ನಾಗಿತ್ತು.

ಭಾನುವಾರ ಮಧ್ಯಾಹ್ನ. ತಮ್ಮನ ದಾರಿ ಕಾಯುತ್ತ ಮೂವರೂ ಅದೇ ಫ್ಯಾನಿನ ಕೆಳಗೆ ಬಿದ್ದುಕೊಂಡಿದ್ದೆವು. ಹುಡುಗಿ ಹೋಗುತ್ತಾಳೆಂಬ ಸಿಟ್ಟಿಗೆ ನಮ್ಮ ಮನೆಯವರು ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನುಂಗಿ, ಅರ್ಧ ರೊಟ್ಟಿ ಉಂಡು ಎದ್ದಿದ್ದರು. ನನಗೆ ಆಗಷ್ಟೇ ಕಣ್ಣು ಹತ್ತಿತ್ತು. ನನ್ನ ಕೈಗೆ ಅವರ ಕೈ ತಾಗಿತು. ತಣ್ಣಗೆ, ಒದ್ದೆಯಾಗಿ! ಆ ಬಿಸಿಲಲ್ಲಿ ತಣ್ಣಗಿರುವುದು ಯಾವುದಿದೆ? ಎದ್ದು ನೋಡಿದರೆ ಮೈಯೆಲ್ಲ ಬೆವರು, ತುಟಿ ನಡುಗುತ್ತಿದೆ, ಬಾಯಲ್ಲಿ ತಲೆಬುಡವಿಲ್ಲದ ಮಾತು.

"ಸಕ್ಕರಿ ತಗೊಂಬಾ!" ಎಂದು ಕೂಗಿದೆ. ಹುಡುಗಿ ಡಬ್ಬಿಯನ್ನೇ ಹೊತ್ತು ಓಡಿ ಬಂದಳು. ಇವರನ್ನು ಎತ್ತಿ ಕೂರಿಸಿ, ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಲೋಟ ಹಿಡಿದವಳು ಅವಳು. ಮೆಲ್ಲಗೆ ಇವರ ಕಣ್ಣು ತಿಳಿಯಾದವು. ನನ್ನ ಮುಖ ಗುರುತು ಹಿಡಿದರು. ಹಿಡಿದೊಡನೆ ದೂರು!

"ಚಹಾಕ್ಕ ಒಂದ್ ಹಳಕು ಸಕ್ಕರಿ ಕೇಳಿದ್ರ ಕೊಡಾಕಿ ಅಲ್ಲ. ಇವತ್ತೇನು ಡಬ್ಬಿನೇ ತರಸೀದಿ!"

ಇಷ್ಟು ಸಿಹಿಯಾದ ಬೈಗುಳ ನಾನು ಕೇಳಿಲ್ಲ.

ಪಕ್ಕದ ಓಣಿಯ ಡಾಕ್ಟರು ಬಂದು ನೋಡಿ, "ವ್ಯಾಳ್ಯಾಕ್ಕ ಸರಿಯಾಗಿ ಗೊತ್ತಾತು, ಚಲೋ ಆತು" ಎಂದು ಹೋದರು. ಇವರು ಉಂಡು ಮಲಗಿದರು. ಆಗ ಗಮನಿಸಿದೆ, ಮನೆ ತುಂಬ ಗಾಳಿ. ನನ್ನ ಕೋಣೆಯಲ್ಲಿ ಫ್ಯಾನು ತಿರುಗುತ್ತಿದೆ. ಟಿವಿಯ ಕೋಣೆಯಲ್ಲಿ ತಿರುಗುತ್ತಿದೆ. ಯಾರೂ ಇಲ್ಲದ ಅಡುಗೆಮನೆಯಲ್ಲೂ! ಹುಡುಗಿ ಮಾತ್ರ ಇಲ್ಲ. ಹೊರಗೆ ನೆರಳು ಬಿದ್ದ ಕಟ್ಟೆಯ ಮೇಲೆ, ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

"ನನ್ನಿಂದ ಆತ್ರಿ ಅತ್ತಿ. ಶಕಿಗಿ ಮಾವಗ ಹಿಂಗಾತು. ನಾ ಹೋಗ್ತೀನ್ರಿ, ಎಲ್ಲಾ ಫ್ಯಾನೂ ನಾನೇ ಹಾಕೀನಿ, ಇರಲಿ ಬಿಡ್ರಿ."

ಪಕ್ಕದಲ್ಲಿ ಕುಳಿತೆ. "ಶಕಿಗಿ ಅಲ್ಲವ್ವ. ಮಾತ್ರಿ ನುಂಗಿ ಅರ್ಧ ರೊಟ್ಟಿ ಉಂಡಿದ್ದಕ್ಕ ಸಕ್ಕರಿ ಇಳದಿತ್ತು. ನೀ ಇರ್ಲಿಲ್ಲಂದ್ರ ಅವರು ಟಿವಿ ಮುಂದ ಒಬ್ರೇ ಇರ್ತಿದ್ರು. ನಾ ಬಾಗ್ಲಾ ಹಾಕ್ಕೊಂಡು ಮಲಗಿರ್ತಿದ್ದೆ. ನಾಕಕ್ಕ ಸರಿಯಾಗಿ..."

ಅವಳಿಗೆ ತಿಳಿಯಿತು. ಗಂಟು ಬಿಟ್ಟು ನನ್ನನ್ನು ಹಿಡಿದುಕೊಂಡು ಅತ್ತಳು. ಅದೇ ಹೊತ್ತಿಗೆ ತಮ್ಮ ಆಟೋದಿಂದ ಇಳಿದ.

"ಸಾಮಾನು ಇಷ್ಟೇನಕ್ಕ?"

"ಅದನ್ನ ಒಳಗ ಇಡು. ಅಕಿ ಓದು ಮುಗಿಯೋತನಾ ಎಲ್ಲಿಗೂ ಬರಂಗಿಲ್ಲ. ನಮ್ಮ ಮನಿಯವ್ರಿಗಿ ಆರಾಮಿದ್ದಿಲ್ಲ, ಹೋಗಿ ಮಾತಾಡಸು."

ಅವನು ಒಮ್ಮೆ ನನ್ನನ್ನು, ಒಮ್ಮೆ ಮಗಳನ್ನು ನೋಡಿ, ಗಂಟು ಎತ್ತಿಕೊಂಡು ಒಳಗೆ ಹೋದ.

ಅತ್ತು ದಣಿದ ಹುಡುಗಿ ನನ್ನ ತೊಡೆಯ ಮೇಲೆ ಹಾಗೇ ನಿದ್ದೆ ಹೋದಳು. ಒಳಗೆ ನಾಲ್ಕೂ ಫ್ಯಾನು ಸುಮ್ಮನೆ ತಿರುಗುತ್ತಿದ್ದವು. ಚಹಾದ ಹೊತ್ತು ಮೀರಿತು. ಫ್ಯಾನು ಆರಿಸಲು ನಾನು ಎದ್ದರೆ ಅವಳಿಗೆ ಎಚ್ಚರವಾಗುತ್ತದೆ. ತಿರುಗಲಿ ಬಿಡಿ. ಎದ್ದ ಮೇಲೆ ಬೈಯುತ್ತಾಳೆ, ಬೈಸಿಕೊಂಡರಾಯಿತು.